ಹರಾಜು ಕಂಪ್ಯೂಟರಿಗೆ ಹೋಯಿತು, ಸಾಲ ಎಲ್ಲಿಗೆ ಹೋಯಿತು?

(ತಾಲ್ಲೂಕು ರೈತರ ಸಭೆಯಲ್ಲಿ ಮಾಡಿದ ಭಾಷಣ)



2020ರ ಮಾರ್ಚ್ 25 ನಿಮಗೆಲ್ಲ ನೆನಪಿದೆ. ಕೊರೋನಾ ಬಂತು ಅಂತ ಇಡೀ ದೇಶಕ್ಕೆ ಬೀಗ ಹಾಕಿದರು. ಆ ವರ್ಷ ನಾನು ಒಂದೂವರೆ ಎಕರೆ ಟೊಮೆಟೊ ಹಾಕಿದ್ದೆ. ಹಣ್ಣು ಕೆಂಪಾಗಿ ನಿಂತಿತ್ತು. ಮಂಡಿ ಸಾಹುಕಾರನಿಗೆ ಫೋನು ಮಾಡಿದರೆ, "ಕೊಳ್ಳೋರೇ ಇಲ್ಲ ಗೌಡ್ರೇ, ತರಬೇಡಿ" ಅಂದ. ಕೊನೆಗೆ ಹೊಲಕ್ಕೆ ದನ ಬಿಟ್ಟೆ. ಹಣ್ಣು ಹೋಯಿತು. ಆದರೆ ಬೀಜ, ಗೊಬ್ಬರಕ್ಕೆ ಅಂತ ಅದೇ ಸಾಹುಕಾರನ ಹತ್ತಿರ ತಂದಿದ್ದ ಮುಂಗಡ ಹೋಗಲಿಲ್ಲ. ಅದು ಬಡ್ಡಿ ಸಮೇತ ಮುಂದಿನ ಬೆಳೆಯ ತಲೆ ಮೇಲೆ ಕೂತಿತು. ಇಲ್ಲಿ ಕೂತಿರುವ ಎಷ್ಟೋ ಜನರ ಕಥೆಯೂ ಇದೇ.

ಆವತ್ತಿನಿಂದ ಒಂದು ಮಾತು ಜೋರಾಗಿ ಕೇಳುತ್ತಿದೆ: ಮಾರುಕಟ್ಟೆಯನ್ನು ಕಂಪ್ಯೂಟರಿಗೆ ಹಾಕಿಬಿಟ್ಟರೆ ರೈತ ಉದ್ಧಾರ. ಈ ಮಾತನ್ನು ಸುಮ್ಮನೆ ನಂಬಲೂ ಬಾರದು, ಸುಮ್ಮನೆ ತಳ್ಳಿಹಾಕಲೂ ಬಾರದು. ಅದೇ ದಿನಗಳಲ್ಲಿ ಹರಾಜು ನಿಜವಾಗಿಯೂ ಕಂಪ್ಯೂಟರಿಗೆ ಹೋಗಿ ಉಳಿದುಕೊಂಡ ಒಂದು ಜಾಗವಿದೆ. ಅದು ಶ್ರೀಲಂಕಾದ ಕೊಲಂಬೊ ಚಹಾ ಹರಾಜು. ಅಲ್ಲಿ ಏನು ನಡೆಯಿತು ಎಂಬುದನ್ನು ಮೊದಲು ನೋಡೋಣ.

ಕೊಲಂಬೊದಲ್ಲಿ ಚಹಾ ಹರಾಜು ಶುರುವಾದದ್ದು 1883ರಲ್ಲಿ. ಆ ದೇಶದ ಚಹಾದಲ್ಲಿ ಹೆಚ್ಚುಕಡಿಮೆ ಎಲ್ಲವೂ ಮಾರಾಟವಾಗುವುದು ಅಲ್ಲೇ. ವಾರಕ್ಕೆ ಐವತ್ತು ಅರವತ್ತು ಲಕ್ಷ ಕಿಲೋ. ದೊಡ್ಡ ಕೋಣೆಯಲ್ಲಿ ಕೊಳ್ಳುವವರು ಸಾಲಾಗಿ ಕೂರುತ್ತಿದ್ದರು, ಮುಂದೆ ನಿಂತ ದಲಾಲ ಒಂದೊಂದೇ ಲಾಟು ಕೂಗುತ್ತಿದ್ದ, ಇವರು ಏರಿಸುತ್ತಿದ್ದರು. ನೂರ ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು. ಕಂಪ್ಯೂಟರಿಗೆ ಹಾಕೋಣ ಎಂಬ ಮಾತು ಹಲವು ವರ್ಷಗಳಿಂದ ಇತ್ತು, ಮಾತಾಗಿಯೇ ಇತ್ತು.

2020ರ ಮಾರ್ಚ್ 20ಕ್ಕೆ ಅಲ್ಲಿ ಕರ್ಫ್ಯೂ ಬಂತು. ಜನ ಸೇರುವ ಹಾಗಿಲ್ಲ, ಹರಾಜು ನಿಂತಿತು. ಆದರೆ ಗಿಡಕ್ಕೆ ಕರ್ಫ್ಯೂ ಗೊತ್ತೇ? ಚಹಾ ಚಿಗುರನ್ನು ವಾರಕ್ಕೊಮ್ಮೆ ಕೀಳಲೇಬೇಕು. ಬಿಟ್ಟರೆ ಬಲಿಯುತ್ತದೆ. ಕಿತ್ತದ್ದು ಅದೇ ದಿನ ಕಾರ್ಖಾನೆ ಸೇರಬೇಕು. ಇಲ್ಲದಿದ್ದರೆ ಕೆಡುತ್ತದೆ. ಆ ದೇಶದ ಚಹಾದಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಪಾಲು ಬೆಳೆಯುವವರು ದೊಡ್ಡ ತೋಟದ ಕಂಪನಿಗಳಲ್ಲ, ನಮ್ಮಂಥ ಸಣ್ಣ ಹಿಡುವಳಿದಾರರು. ಸುಮಾರು ನಾಲ್ಕು ಲಕ್ಷ ಜನ. ಅವರು ಸೊಪ್ಪನ್ನು ಕಾರ್ಖಾನೆಗೆ ಕೊಡುತ್ತಾರೆ. ಆ ಸೊಪ್ಪಿನ ಬೆಲೆ ನಿರ್ಧಾರವಾಗುವುದು ಹರಾಜಿನಲ್ಲಿ. ಅಲ್ಲೊಂದು ಕಟ್ಟಳೆ ಇದೆ, ಗಮನವಿಟ್ಟು ಕೇಳಿ: ಕಾರ್ಖಾನೆಯ ಚಹಾಕ್ಕೆ ಹರಾಜಿನಲ್ಲಿ ಬಂದ ಸರಾಸರಿಯಲ್ಲಿ, ಮಾರಾಟದ ಖರ್ಚು ಕಳೆದು, ನೂರಕ್ಕೆ 68 ಸೊಪ್ಪು ಕೊಟ್ಟ ರೈತನಿಗೆ, 32 ಕಾರ್ಖಾನೆಗೆ. ಹರಾಜು ನಿಂತರೆ ಸೊಪ್ಪಿಗೆ ಬೆಲೆಯೇ ಇಲ್ಲ. ಕಾರ್ಖಾನೆಗೆ ದುಡ್ಡಿಲ್ಲ, ರೈತನಿಗೆ ತಿಂಗಳ ಬಟವಾಡೆ ಇಲ್ಲ.

ಆಗ ದಾರಿ ಕಾಣದೆ ಕಂಪ್ಯೂಟರಿಗೆ ಕೈ ಹಾಕಿದರು. ಎರಡು ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ ಮೊದಲ ವಾರ, ಕೊಲಂಬೊದ ಮೊದಲ ಕಂಪ್ಯೂಟರ್ ಹರಾಜು ನಡೆಯಿತು. ಕೊಳ್ಳುವವರು ಮನೆಯಲ್ಲೋ ಕಚೇರಿಯಲ್ಲೋ ಕೂತು ದರ ಏರಿಸಿದರು. ಹಲವು ವರ್ಷಗಳಿಂದ ಆಗದ್ದು ಹದಿನೈದು ದಿನದಲ್ಲಿ ಆಯಿತು.

ಹೇಗಾಯಿತು? ಪ್ರಶ್ನೆ ಇರುವುದು ಇಲ್ಲೇ. ಕಂಪ್ಯೂಟರ್ ಜಾಣತನದಿಂದ ಆಯಿತು ಅಂದುಕೊಂಡರೆ ನಾವು ಮೋಸ ಹೋಗುತ್ತೇವೆ. ಕೊಲಂಬೊದಲ್ಲಿ ಪ್ರತಿ ಲಾಟಿಗೂ ನಂಬರು ಇತ್ತು. ಯಾವ ಕಾರ್ಖಾನೆ, ಯಾವ ದರ್ಜೆ, ಎಷ್ಟು ತೂಕ ಎಂದು ಪಟ್ಟಿ ಮಾಡಿ ಮೊದಲೇ ಹಂಚುವ ಪದ್ಧತಿ ಇತ್ತು. ಪ್ರತಿ ಲಾಟಿನ ಮಾದರಿಯನ್ನು ಕೊಳ್ಳುವವರಿಗೆ ಮೊದಲೇ ಕಳಿಸಿ, ಅವರ ಕಡೆಯವರು ಕುದಿಸಿ, ಬಾಯಿಗೆ ಹಾಕಿ ರುಚಿ ನೋಡಿ, ಬೆಲೆ ಮನಸ್ಸಿನಲ್ಲಿ ಇಟ್ಟುಕೊಂಡೇ ಹರಾಜಿಗೆ ಬರುತ್ತಿದ್ದರು. ಕೊಂಡವನು ಗೊತ್ತಾದ ದಿನದೊಳಗೆ ಹಣ ಕಟ್ಟಲೇಬೇಕೆಂಬ ನಿಯಮ ಇತ್ತು. ಮಾಲು ಆ ಕೋಣೆಗೆ ಬರುತ್ತಲೇ ಇರಲಿಲ್ಲ; ಗೋದಾಮಿನಲ್ಲಿ ಇರುತ್ತಿತ್ತು. ಅಂದರೆ ಕೋಣೆಯಲ್ಲಿ ನಡೆಯುತ್ತಿದ್ದದ್ದು ಕೂಗು ಒಂದೇ. ಕಂಪ್ಯೂಟರಿಗೆ ಹೋದದ್ದೂ ಆ ಕೂಗು ಒಂದೇ. ಚಹಾದ ರುಚಿ ತಂತಿಯಲ್ಲಿ ಹೋಗುವುದಿಲ್ಲವಲ್ಲ, ಮಾದರಿ ಆಗಲೂ ಪೊಟ್ಟಣದಲ್ಲೇ ಹೋಗಬೇಕಿತ್ತು.

ಬೆಲೆಯ ವಿಷಯವನ್ನೂ ಪ್ರಾಮಾಣಿಕವಾಗಿ ಹೇಳಬೇಕು. 2019ರಲ್ಲಿ ಅಲ್ಲಿನ ಹರಾಜಿನ ಸರಾಸರಿ ಕಿಲೋಗೆ ಅವರ ಸುಮಾರು 545 ರೂಪಾಯಿ ಇತ್ತು. 2020ರಲ್ಲಿ 630 ದಾಟಿತು. ನೋಡಿ, ಕಂಪ್ಯೂಟರ್ ಬೆಲೆ ಏರಿಸಿತು ಅಂತ ಯಾರಾದರೂ ಹೇಳಬಹುದು. ಆದರೆ ಆ ವರ್ಷ ಬೆಳೆ 30 ಕೋಟಿ ಕಿಲೋದಿಂದ 28 ಕೋಟಿಗೂ ಕೆಳಗೆ ಇಳಿದಿತ್ತು, ಅವರ ರೂಪಾಯಿಯ ಬೆಲೆಯೂ ಕುಸಿದಿತ್ತು. ಮಾಲು ಕಮ್ಮಿಯಾದರೆ, ದುಡ್ಡು ಸವೆದರೆ, ಕಟ್ಟೆಯ ಮೇಲೆ ಕೂಗಿದರೂ ದರ ಏರುತ್ತದೆ. ಕಂಪ್ಯೂಟರ್ ಮಾಡಿದ ಉಪಕಾರ ಬೇರೆ: ಹರಾಜು ನಿಲ್ಲದಂತೆ ನೋಡಿಕೊಂಡಿತು. ಕಷ್ಟದ ಕಾಲದಲ್ಲಿ ಅದು ಸಣ್ಣದಲ್ಲ.

ಈಗ ನಮ್ಮ ಮನೆಗೆ ಬರೋಣ. ಕಂಪ್ಯೂಟರ್ ನಮಗೆ ಹೊಸದೇನಲ್ಲ. ಕರ್ನಾಟಕದಲ್ಲಿ ಏಕೀಕೃತ ಮಾರುಕಟ್ಟೆ ಅಂತ 2014ರಲ್ಲೇ ಶುರುವಾಯಿತು. ಟವೆಲಿನ ಕೆಳಗೆ ಬೆರಳು ಹಿಡಿದು ದರ ಮಾಡುವುದು ನಿಂತು ದರ ಚೀಟಿಯಲ್ಲಿ ಬಂತಲ್ಲ, ಅದು ಒಳ್ಳೆಯದೇ. ಇಡೀ ದೇಶಕ್ಕೆ ಅಂತ ಇ-ನ್ಯಾಮ್ 2016ರಲ್ಲಿ ಬಂತು. ಹಾಗಾದರೆ 2020ರಲ್ಲಿ ನನ್ನ ಟೊಮೆಟೊ ಯಾಕೆ ದನದ ಪಾಲಾಯಿತು? ಕಂಪ್ಯೂಟರ್ ಇತ್ತು, ದರ್ಜೆ ಮಾಡುವವನಿರಲಿಲ್ಲ, ಶೀತಲಗೃಹ ಇರಲಿಲ್ಲ, ದೂರದಿಂದ ನೋಡದೆ ಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಚಹಾ ಒಣಗಿದ ಮಾಲು, ತಿಂಗಳು ಕಾಯುತ್ತದೆ. ಟೊಮೆಟೊ ಮೂರು ದಿನ ಕಾಯುವುದಿಲ್ಲ.

ಒಣ ಮಾಲಿನ ಕಥೆಯೂ ಕೇಳಿ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಟೆಂಡರ್ ನಡೆಯುವುದು ಕಂಪ್ಯೂಟರಿನಲ್ಲೇ. 2024ರ ಮಾರ್ಚ್ 11ರಂದು ದರ ದಿಢೀರನೆ ಬಿತ್ತು. ರೈತರು ರೊಚ್ಚಿಗೆದ್ದರು, ಎಪಿಎಂಸಿ ಕಚೇರಿಗೆ ಕಲ್ಲು ಬಿತ್ತು, ವಾಹನಗಳು ಸುಟ್ಟವು. ಸುಟ್ಟದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಆದರೆ ದರ ಯಾಕೆ ಬಿತ್ತು ಅಂತ ಪರದೆ ರೈತನಿಗೆ ಹೇಳಿತೇ? ಪರದೆ ದರ ತೋರಿಸುತ್ತದೆ, ಕಾರಣ ತೋರಿಸುವುದಿಲ್ಲ.

ಇನ್ನು ಮೂಲ ಮಾತು, ಸಾಲದ್ದು. ಮುಂಗಡ ಕೊಟ್ಟ ದಲಾಲನ ಅಂಗಡಿಯಲ್ಲೇ ಮೂಟೆ ಇಳಿಸಬೇಕು, ಅಲ್ಲವೇನ್ರಪ್ಪಾ? ಅವನು ಕೊಡುವುದು ಬಿಳಿ ಚೀಟಿ. ಪರದೆಯ ಮೇಲೆ ನೂರು ಜನ ಖರೀದಿದಾರರು ಬಂದರೂ ಸಾಲದಲ್ಲಿ ಕಟ್ಟಿಬಿದ್ದ ರೈತನಿಗೆ ಇರುವುದು ಒಬ್ಬನೇ ಖರೀದಿದಾರ. ದರ ಸರಿಯಿಲ್ಲ ಅಂತ ಮಾಲು ವಾಪಸ್ ತರುವ ಶಕ್ತಿ ಅವನಿಗಿಲ್ಲ. ಹರಾಜು ಕಂಪ್ಯೂಟರಿಗೆ ಹೋಯಿತು. ಸಾಲ ಅದೇ ಅಂಗಡಿಯ ಅದೇ ಪುಸ್ತಕದಲ್ಲಿ ಉಳಿಯಿತು.

ಆದ್ದರಿಂದ ಬಂಧುಗಳೇ, ಯಾರಾದರೂ ನಿಮ್ಮ ಊರಿಗೆ ಬಂದು ಮಾರುಕಟ್ಟೆಯನ್ನು ಮೊಬೈಲಿಗೆ ಹಾಕುತ್ತೇವೆ ಅಂದರೆ ಬೇಡ ಅನ್ನಬೇಡಿ. ನಾಲ್ಕು ಪ್ರಶ್ನೆ ಕೇಳಿ. ನನ್ನ ಮಾಲಿನ ದರ್ಜೆ ಯಾರು ಮಾಡುತ್ತಾರೆ, ಒಪ್ಪದಿದ್ದರೆ ನಾನು ಯಾರಿಗೆ ಹೇಳಬೇಕು? ದುಡ್ಡು ಎಷ್ಟು ದಿನದಲ್ಲಿ ನನ್ನ ಖಾತೆಗೆ ಬರುತ್ತದೆ, ಬರದಿದ್ದರೆ ಯಾರು ಕೊಡುತ್ತಾರೆ? ದರ ಒಪ್ಪದಿದ್ದರೆ ಮಾಲು ಇಡಲು ಗೋದಾಮು ಎಲ್ಲಿದೆ, ಅದರ ರಸೀದಿಯ ಮೇಲೆ ಬ್ಯಾಂಕು ಸಾಲ ಕೊಡುತ್ತದೆಯೇ? ಕೊನೆಯದು, ಕೊಂಡವನು ತಿನ್ನುವವನಿಗೆ ಮಾರಿದ ಬೆಲೆಯಲ್ಲಿ ಬೆಳೆದವನ ಪಾಲು ನೂರಕ್ಕೆ ಎಷ್ಟು ಅಂತ ಬರೆದುಕೊಡುತ್ತೀರಾ?

ಕೊಲಂಬೊದ ಸಣ್ಣ ರೈತನಿಗೆ 68 ಅಂತ ಒಂದು ಅಂಕಿ ಇದೆ. ಸಾಕೋ ಸಾಲದೋ, ಜಗಳ ಆಡಲಿಕ್ಕಾದರೂ ಒಂದು ಅಂಕಿ. ನಮ್ಮ ಟೊಮೆಟೊಗೆ, ಮೆಣಸಿನಕಾಯಿಗೆ ಆ ಅಂಕಿ ಯಾವುದು? ಮೊದಲು ಅದನ್ನು ಕೇಳೋಣ.