ಘಟ್ಟ ಇಳಿಯುವ ದಾರಿ

ಹಿಮಾಲಯದ ದಾರಿಗಳ ಸಂಗತಿ ಬಂದಾಗ ಬಯಲುಸೀಮೆಯವರಾದ ನಮ್ಮನ್ನು ಮೊದಲು ಬೆರಗುಗೊಳಿಸುವುದು ಅವುಗಳ ಎತ್ತರ. ಕಾಶ್ಮೀರದಿಂದ ಲಡಾಖಿಗೆ ದಾಟಿಸುವ ಜೋಜಿಲಾ ಕಣಿವೆ ಸಮುದ್ರಮಟ್ಟದಿಂದ ಸುಮಾರು 11,500 ಅಡಿ ಮೇಲಿದೆ. ರೋಹ್ತಾಂಗ್ ಕಣಿವೆ ಸುಮಾರು 13,000 ಅಡಿ. 2020ರಲ್ಲಿ ರೋಹ್ತಾಂಗಿನ ಕೆಳಗೆ 9 ಕಿಲೋಮೀಟರ್ ಉದ್ದದ ಸುರಂಗ ತೆರೆಯುವವರೆಗೆ ಲಾಹೌಲದ ಜನ ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧಕಾಲ ಹಿಮದ ಆಚೆಗೇ ಉಳಿಯಬೇಕಾಗಿದ್ದಿತು.

ಆದರೆ ಪರ್ವತದ ಕಷ್ಟಕ್ಕೆ ಎತ್ತರವೊಂದೇ ಅಳತೆಯಲ್ಲ. ನಮ್ಮ ಸಹ್ಯಾದ್ರಿಯ ಆಗುಂಬೆ ಇರುವುದು ಸುಮಾರು 2,100 ಅಡಿ ಎತ್ತರದಲ್ಲಿ. ವಿಜಯಪುರ ನಗರದ ಎತ್ತರವೂ ಸುಮಾರು 2,000 ಅಡಿ! ಕೃಷ್ಣೆಯ ಬಡಗಣ ಬಯಲಿನ ಮಸೂತಿಯಲ್ಲಿ ಕುಳಿತ ನಾನು ಕಣ್ಣು ಹಾಯಿಸಿದತ್ತ ಎರೆಹೊಲಗಳನ್ನೇ ಕಾಣುತ್ತೇನೆ. ಬೆಟ್ಟವೆಂಬುದು ದೂರದ ಮಾತು. ಆದರೂ ಕರಾವಳಿಯವರು ನಮ್ಮನ್ನು ‘ಘಟ್ಟದ ಮೇಲಿನವರು’ ಎಂದೇ ಕರೆಯುತ್ತಾರೆ. ಆ ಮಾತಿನಲ್ಲಿ ಭೂಗೋಳದ ಸತ್ಯವಿದೆ. ಸಹ್ಯಾದ್ರಿಯೆಂಬುದು ನಮ್ಮ ಪಾಲಿಗೆ ಏರುವ ಗೋಡೆಗಿಂತ ಹೆಚ್ಚಾಗಿ, ನಾವು ನಿಂತ ಜಗಲಿಯ ಅಂಚು.

ಈ ಜಗಲಿ ಮೂಡಲಿಗೆ ಮೆಲ್ಲಗೆ ಇಳಿಜಾರಾಗಿದೆ. ಆದುದರಿಂದಲೇ ಪಡುವಣ ಕಡಲಿಗೆ ಹತ್ತಿರದಲ್ಲಿ ಹುಟ್ಟಿದ ಕೃಷ್ಣೆ ಬೆನ್ನು ತಿರುಗಿಸಿ ಬಂಗಾಳ ಕೊಲ್ಲಿಯವರೆಗೆ ನಡೆಯುತ್ತಾಳೆ. ಪಡುವಣ ಅಂಚು ಮಾತ್ರ ಕಡಿದಾದುದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಅದನ್ನು ಧುಮುಕಿಯೇ ಇಳಿಯಬೇಕು. ಕಡಲಿನಿಂದ ಬಂದ ಮುಂಗಾರಿನ ಮೋಡವೂ ಅಲ್ಲಿಯೇ ಬರಿದಾಗುತ್ತದೆ. ಹಿಮಾಲಯದಲ್ಲಿ ದಾರಿ ಕಟ್ಟುವುದು ಹಿಮದಿಂದ. ಇಲ್ಲಿ ಮಳೆಯಿಂದ, ನೆನೆದು ಜಾರುವ ಮಣ್ಣಿನಿಂದ.

ಇಂಥ ಅಂಚನ್ನು ಮೊದಲು ಇಳಿದದ್ದು ಹೇರಿನ ಎತ್ತು. ಉಪ್ಪನ್ನು ಮೇಲಕ್ಕೆ, ಧಾನ್ಯವನ್ನು ಕೆಳಕ್ಕೆ ಸಾಗಿಸಿದವರಲ್ಲಿ ಲಂಬಾಣಿಗರು ಮುಖ್ಯರು. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಶಿರಸಿಯಿಂದ ದೇವಿಮನೆ ಘಟ್ಟದ ಮೂಲಕ ಕುಮಟೆಗೆ ಗಾಡಿ ಇಳಿಯುವ ರಸ್ತೆಯಾಯಿತು. ಧಾರವಾಡ ಸೀಮೆಯ ಹತ್ತಿ ಆ ದಾರಿಯಲ್ಲಿ ಬಂದರಿಗೆ ಹರಿಯಿತು. 1861ರಿಂದ 1865ರವರೆಗೆ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ದುರ್ಲಭವಾದಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂದಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಹತ್ತಿಯ ವ್ಯಾಪಾರಿಗಳ ಬಂದರಿನ ಆಸೆ ಇದ್ದಿತು. ಸ್ವಾರಸ್ಯವೆಂದರೆ, ಎರೆಭೂಮಿಯಲ್ಲಿ ಬೆಳೆದ ಆ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. ಬೆಳೆದವನ ಊರು ಮರೆಯಾಗಿ, ದಾರಿ ಮುಗಿದ ಊರು ಹೆಸರು ಪಡೆಯಿತು.

ಆ ಭಾಗ್ಯವೂ ಬಹುಕಾಲ ನಿಲ್ಲಲಿಲ್ಲ. 1884ರ ಹೊತ್ತಿಗೆ ಹೊಟಗಿ–ಗದಗ ರೈಲು ನಮ್ಮ ಜಿಲ್ಲೆಯನ್ನು ಹಾಯ್ದು ಹೋಯಿತು. 1888ರಲ್ಲಿ ಕ್ಯಾಸಲ್ ರಾಕ್‌ನಿಂದ ಮುರಗಾಂವಿಗೆ ರೈಲು ಘಟ್ಟ ಇಳಿಯಿತು. ಹತ್ತಿ ರೈಲು ಹತ್ತಿತು. ಕುಮಟೆಯ ಬಂದರು ಸೊರಗಿತು. ರಸ್ತೆ ಮತ್ತು ರೈಲುಗಳು ಹೇರಿನ ಎತ್ತಿನವರ ಕಸುಬನ್ನು ಕಸಿದುಕೊಂಡವು. ಇಂದಿಗೂ ನಮ್ಮ ಜಿಲ್ಲೆಯ ತಾಂಡಾಗಳಿಂದ ಜನ ಗೋವೆಗೆ, ಮಂಗಳೂರಿನ ಕಡೆಗೆ ದುಡಿಮೆಗಾಗಿ ಹೋಗುತ್ತಾರೆ. ಪೂರ್ವಜರು ಸರಕು ಹೇರಿಕೊಂಡು ನಡೆದ ಘಟ್ಟವನ್ನು ಮೊಮ್ಮಕ್ಕಳು ಕೂಲಿಯನ್ನರಸಿ ಇಳಿಯುತ್ತಾರೆ. ದಾರಿ ಎಲ್ಲರನ್ನೂ ಒಂದೇ ರೀತಿಯಲ್ಲಿ ಉದ್ಧರಿಸುವುದಿಲ್ಲ.

ಇದನ್ನು ನೆನೆಯಲು ಕಾರಣವಿದೆ. 1990ರ ದಶಕದ ಕೊನೆಯಲ್ಲಿ ಆರಂಭವಾದ ಹುಬ್ಬಳ್ಳಿ–ಅಂಕೋಲಾ ರೈಲು ಯೋಜನೆ ಕಾಡಿನ ಪ್ರಶ್ನೆಯಿಂದಾಗಿ ದಶಕಗಳ ಕಾಲ ತಡೆದು ನಿಂತಿತು. ಬಯಲಿನ ನಮಗೆ ಬಂದರು ಬೇಕು. ಘಟ್ಟದ ಕೆಳಗಿನ ರೋಗಿಗೆ ಹುಬ್ಬಳ್ಳಿಯ ಆಸ್ಪತ್ರೆ ಬೇಕು. ಇವೆರಡೂ ನ್ಯಾಯವಾದ ಬೇಡಿಕೆಗಳೇ. ಆದರೆ 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿಯಿತು. ದಾರಿಬದಿಯ ಚಹದಂಗಡಿ ಮಣ್ಣುಪಾಲಾಯಿತು. ಲಾರಿಯೊಂದು ಗಂಗಾವಳಿಯಲ್ಲಿ ಮುಳುಗಿತು. ಅದು ಸಿಕ್ಕದ್ದು ಎರಡು ತಿಂಗಳ ಮೇಲೆ. ಹಲವರು ಪ್ರಾಣ ಕಳೆದುಕೊಂಡರು.

ಗುಡ್ಡದ ಬುಡವನ್ನು ನೆಟ್ಟಗೆ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಮಳೆನೀರಿಗೆ ಹರಿಯಲು ದಾರಿಯಿಲ್ಲದಿದ್ದರೆ ಅದು ಒಳಗೇ ಇಂಗಿ ಗುಡ್ಡದ ಭಾರವನ್ನು ಹೆಚ್ಚಿಸುತ್ತದೆ. ಇದಕ್ಕೆ ಮದ್ದು ತಿಳಿಯದ್ದೇನಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ಕಾಲುವೆ ತೆಗೆಯಬೇಕು, ಗಿಡಮರಗಳ ಬೇರು ಉಳಿಸಬೇಕು. ಇದಕ್ಕೆ ಹೆಚ್ಚು ಹಣ ಬೇಕು, ಹೆಚ್ಚು ಕಾಲವೂ ಬೇಕು. ದಾರಿಯನ್ನು ಬೇಡುವ ನಾವು ಘಟ್ಟದ ಮೇಲಿನವರು ಆ ಹಣವನ್ನೂ ಕಾಲವನ್ನೂ ಕೊಡಲು ಒಪ್ಪಬೇಕು. ಎರಡು ಗಂಟೆ ಮುಂಚೆ ಬಂದರು ಸೇರುವ ನಮ್ಮ ಅವಸರಕ್ಕೆ ಗುಡ್ಡದ ಬುಡದಲ್ಲಿ ಮನೆಮಾಡಿದವರು ಬೆಲೆ ತೆರುವಂತಾಗಬಾರದು.