ಡಬ್ಬಿಯ ಮೇಲಿನ ಇಂಗ್ಲಿಷು
(ಸಂಘದ ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನಲ್ಲಿ ಲೆಕ್ಕ ಬರೆಯುವವನಿಗೆ ಸ್ನೋ, ಪೌಡರುಗಳ ಗೊಡವೆ ಏತಕ್ಕೆಂದು ತಾವು ನಗಬಹುದು. ನಾನು ಹೇಳಹೊರಟಿರುವುದು ಬಣ್ಣದ ವಿಚಾರವಲ್ಲ. ಆ ಡಬ್ಬಿಗಳ ಮೇಲಿನ ಇಂಗ್ಲಿಷಿನ ವಿಚಾರ.

'ಮೇಕಪ್' ಎಂಬುದನ್ನೇ ನೋಡಿ. ಕೂಡಿಸಿ ಬರೆದರೆ ನಾಮಪದ, ಮುಖಾಲಂಕಾರ. 'ಮೇಕ್ ಅಪ್' ಎಂದು ಬಿಡಿಸಿ ಬರೆದರೆ ಕ್ರಿಯಾಪದ; ಆಗ ಇಲ್ಲದ ಕಥೆ ಕಟ್ಟುವುದೂ ಅದೇ, ಜಗಳವಾಡಿದವರು ರಾಜಿಯಾಗುವುದೂ ಅದೇ. 'ಅಪ್' ಎಂದರೆ ಮೇಲೆ ಎಂದು ಹಿಡಿದು ಹೊರಟರೆ ದಾರಿ ತಪ್ಪಿತು. ನಮ್ಮಲ್ಲಿಯೂ ಹೀಗುಂಟಷ್ಟೆ: 'ಮಾಡಿಬಿಡು' ಎಂದಾಗ ಯಾರೂ ಏನನ್ನೂ ಬಿಡುವುದಿಲ್ಲ, 'ಹಾಡಿ ನೋಡು' ಎಂದಾಗ ಕಣ್ಣಿಗೆ ಕೆಲಸವಿಲ್ಲ.

'ಫ್ರೇಗ್ರನ್ಸ್ ಫ್ರೀ' ಎಂದರೆ ಪರಿಮಳ ಪುಕ್ಕಟೆಯೆಂದಲ್ಲ, ಸುಗಂಧದ್ರವ್ಯ ಸೇರಿಸಿಲ್ಲವೆಂದು. 'ಅನ್‌ಸೆಂಟೆಡ್' ಎಂಬುದು ಬೇರೆ. ಅದರಲ್ಲಿ ಇತರ ವಾಸನೆಯನ್ನು ಮರೆಮಾಡಲು ಸುಗಂಧವನ್ನೇ ತುಸು ಬೆರೆಸಿರಬಹುದು. ಸುಗಂಧ ಒಗ್ಗದವರು ಈ ಭೇದವನ್ನು ಅರಿತಿರಬೇಕು.

ಇನ್ನು 'ಹೆಲ್ಪ್ಸ್ ರೆಡ್ಯೂಸ್ ದಿ ಅಪಿಯರೆನ್ಸ್ ಆಫ್ ರಿಂಕಲ್ಸ್' ಎಂಬ ವಾಕ್ಯ. ಕಡಮೆಯಾಗುವುದು ಸುಕ್ಕಲ್ಲ, ಸುಕ್ಕಿನ ತೋರಿಕೆ. ಅದನ್ನೂ ಕಡಮೆ ಮಾಡುವೆನೆಂದಿಲ್ಲ, ಕಡಮೆಯಾಗಲು ನೆರವಾಗುವೆನೆಂದಿದೆ! 'ಅಪ್ ಟು 24 ಅವರ್ಸ್' ಎಂದರೆ ಹೆಚ್ಚೆಂದರೆ 24 ಗಂಟೆ. ಎರಡು ಗಂಟೆಗೆ ಅಳಿಸಿಹೋದರೂ ಮಾತು ಸುಳ್ಳಾಗದು. ಸಾಲದ ಪತ್ರಗಳನ್ನು ಓದಿ ಪಳಗಿದ ನಮಗೆ ಈ ಜಾಣ್ಮೆ ಹೊಸದಲ್ಲ.

ಆದರೆ ಪಳಗಿದವನೂ ಎಡವುತ್ತಾನೆ. ನನ್ನ ತಾಯಿಯವರು ಕೂದಲಿನ ಬಣ್ಣದ ಪೊಟ್ಟಣವನ್ನು ಕೈಗಿತ್ತು, ಏನು ಬರೆದಿದೆ ಓದಪ್ಪಾ ಎಂದರು. 'ಡೂ ಎ ಪ್ಯಾಚ್ ಟೆಸ್ಟ್ 48 ಅವರ್ಸ್ ಬಿಫೋರ್ ಈಚ್ ಯೂಸ್' ಎಂದಿತ್ತು. ಪ್ಯಾಚ್ ಎಂದರೆ ತೇಪೆ. ಒಂದು ಕುಚ್ಚಿಗೆ ಹಚ್ಚಿ ನೋಡಮ್ಮಾ ಎಂದೆ, ಗಂಟೆಯ ಲೆಕ್ಕವನ್ನು ಅವಸರದಲ್ಲಿ ನುಂಗಿಬಿಟ್ಟೆ. ಬಣ್ಣ ಚೆನ್ನಾಗಿ ಹಿಡಿಯಿತು. ಸಂಜೆಗೆ ತಲೆತುಂಬ ಹಚ್ಚಿಕೊಂಡರು. ಮರುದಿನ ಬೆಳಗ್ಗೆ ರೆಪ್ಪೆಗಳು ಊದಿ ಕಣ್ಣು ತೆರೆಯಲಾಗಲಿಲ್ಲ.

ವೈದ್ಯರು ಬಿಡಿಸಿ ಹೇಳಿದರು: ಪರೀಕ್ಷೆ ಕೂದಲಿಗಲ್ಲ, ಚರ್ಮಕ್ಕೆ. ಪೊಟ್ಟಣದಲ್ಲಿ ಹೇಳಿದ ಕ್ರಮದಲ್ಲಿ ಮೊಣಕೈಯ ಒಳಬದಿಗೋ ಕಿವಿಯ ಹಿಂದೆಯೋ ತುಸು ಹಚ್ಚಿ 48 ಗಂಟೆ ಕಾಯಬೇಕು. 'ಈಚ್' ಎಂದರೆ ಪ್ರತಿ ಸಲವೂ. ಹಿಂದೆ ಒಗ್ಗಿದ್ದು ಮುಂದೆ ಒಗ್ಗದಿರಬಹುದು. ತಾಯಿಯವರು ಗುಣಹೊಂದಿದರು, ಬೈಯಲೂ ಇಲ್ಲ. "ನೀನು ಓದಿದವನಲ್ಲವೆ, ನಂಬಿದೆ" ಎಂದರಷ್ಟೆ. ಬಿ.ಕಾಂ. ಪದವಿಗೆ ಅದಕ್ಕಿಂತ ಪೆಟ್ಟು ಬೇಕೆ?

ಭಾರತದ 2020ರ ಸೌಂದರ್ಯಸಾಧನಗಳ ನಿಯಮಗಳಂತೆ, ಇಂಥ ಕೂದಲ ಬಣ್ಣಗಳ ಮೇಲೆ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲಿಯೂ ಸ್ಥಳೀಯ ಭಾಷೆಗಳಲ್ಲಿಯೂ ಮುದ್ರಿಸಬೇಕು. ಹುಬ್ಬಿಗೂ ರೆಪ್ಪೆಗೂ ಹಚ್ಚಿದರೆ ದೃಷ್ಟಿಯೇ ಹೋಗಬಹುದೆಂಬುದು ಅದರಲ್ಲೊಂದು. ಆದರೆ ಈ ಪುಣೆಯಲ್ಲಿ ಸ್ಥಳೀಯ ಭಾಷೆ ಮರಾಠಿ. ಊರಿನಿಂದ ಬಂದ ನಮ್ಮ ಹಿರಿಯರಿಗೆ ಎರಡೂ ದೂರ. ಆದುದರಿಂದ ನಡುವೆ ನಿಂತು ಓದಿ ಹೇಳುವ ಹೊಣೆ ನಮ್ಮದು.

ರಾಜ್ಯೋತ್ಸವದ ಈ ಹೊತ್ತಿನಲ್ಲಿ ನನ್ನ ಬಿನ್ನಹ ಇಷ್ಟೆ: ಮನೆಗೆ ತಂದ ಡಬ್ಬಿಯ ಎಚ್ಚರಿಕೆಯನ್ನು ನಿಧಾನವಾಗಿ ಓದಿ, ತಿಳಿಯದ್ದನ್ನು ಬಲ್ಲವರಲ್ಲಿ ಕೇಳಿ, ಕನ್ನಡದಲ್ಲಿ ಒಂದು ಚೀಟಿ ಬರೆದು ಅದಕ್ಕೆ ಅಂಟಿಸಿ. ಅದೂ ಕನ್ನಡದ ಸೇವೆಯೇ.