ಮಿಷನ್ ಕೇಳೋಕಿಂತ ಮೊದಲು



ಗುದನಾಳದ ಕ್ಯಾನ್ಸರ್ ಅಂದ್ರೆ ಸಾಕು, "ಹೊಲ ಮಾರಿಯಾದ್ರೂ ರೋಬೋ ಆಪರೇಷನ್ ಮಾಡಿಸ್ರಿ" ಅನ್ನೋರಿದ್ದಾರೆ. ರೋಬೋ ತಾನಾಗಿ ಕೊಯ್ಯುವುದಿಲ್ಲ. ಡಾಕ್ಟರೇ ಕುಳಿತು ಅದರ ಕೈ ಆಡಿಸುತ್ತಾರೆ. ಲ್ಯಾಪರೋಸ್ಕೋಪಿಯಲ್ಲೂ ಸಣ್ಣ ತೂತು, ಒಳಗೆ ಕ್ಯಾಮೆರಾ. ಇಕ್ಕಟ್ಟು ಜಾಗದಲ್ಲಿ ರೋಬೋದ ಕೈ ಸಲೀಸಾಗಿ ತಿರುಗುತ್ತದೆ, ಖರ್ಚು ಮಾತ್ರ ಹೆಚ್ಚು.

2017ರಲ್ಲಿ ಪ್ರಕಟವಾದ ರೋಲಾರ್ ಅಧ್ಯಯನದಲ್ಲಿ 10 ದೇಶಗಳ 471 ರೋಗಿಗಳಿದ್ದರು. ನಡುವೆ ಹೊಟ್ಟೆ ಕೊಯ್ಯಬೇಕಾಗಿ ಬಂದದ್ದು ಲ್ಯಾಪರೋಸ್ಕೋಪಿಯಲ್ಲಿ ನೂರಕ್ಕೆ 12, ರೋಬೋದಲ್ಲಿ 8. ರೋಬೋನೇ ಮೇಲು ಎನ್ನಲು ಅಷ್ಟು ಅಂತರ ಸಾಲಲಿಲ್ಲ. ಆಮೇಲೆ ಚೀನಾದ ದೊಡ್ಡ ಅಧ್ಯಯನದಲ್ಲಿ 3 ವರ್ಷದೊಳಗೆ ಅದೇ ಭಾಗದಲ್ಲಿ ಕ್ಯಾನ್ಸರ್ ಮರಳಿದ್ದು ರೋಬೋದವರಲ್ಲಿ ನೂರಕ್ಕೆ 1.6, ಲ್ಯಾಪರೋಸ್ಕೋಪಿಯವರಲ್ಲಿ 4. ಲಾಭ ಉಂಟು, ಆದರೆ ಅಲ್ಲಿ ಆಪರೇಷನ್ ಮಾಡಿದವರು ಎರಡರಲ್ಲೂ ಕೈ ಪಳಗಿದವರು. ಅದಕ್ಕೇ ಮಿಷನ್ ಕೇಳೋಕಿಂತ ಮೊದಲು ಕೇಳಿ: "ಡಾಕ್ಟ್ರೇ, ಇಂಥ ಆಪರೇಷನ್ ಎಷ್ಟು ಮಾಡಿದ್ದೀರಿ?"

ಇನ್ನೊಂದು ಮಾತು. ಮಲದಲ್ಲಿ ರಕ್ತ ಬಂದರೆ ನಾವು "ಮೂಲವ್ಯಾಧಿ" ಅಂತ ನಾಟಿ ಔಷಧಿ ಕುಡಿದು, ಮೆಣಸಿನಕಾಯಿ ಬಿಡಿಸೋಕೆ ಗುಂಟೂರಿಗೆ ಗುಳೆ ಹೋಗ್ತೀವಿ. ಬರೋಷ್ಟರಲ್ಲಿ ಗಡ್ಡೆ ಬೆಳೆದಿರುತ್ತದೆ. ತಡವಾದರೆ ಯಾವ ಮಿಷನ್ನೂ ಆ ದಿನ ತಂದುಕೊಡದು. ನಾಚಿಕೆ ಬಿಡಿ, ಎನ್‌ಟಿಆರ್ ವೈದ್ಯ ಸೇವಾ ಕಾರ್ಡ್ ಹಿಡಿದು ಆದೋನಿ ಸರ್ಕಾರಿ ಆಸ್ಪತ್ರೆಗೆ ನಡೀರಿ. ಅವರು ಕರ್ನೂಲಿಗೆ ಬರೆದುಕೊಟ್ಟರೆ ಒಬ್ಬರೇ ಹೋಗಬೇಡಿ, ನಮ್ಮ ಸಂಘದ ಹುಡುಗರನ್ನು ಕರೆಯಿರಿ.

ಜೈ ಭೀಮ್.